ಉಗುರಿನಷ್ಟು ಸಂದು

ಹೊಸ ಅಳಿಯ ಆಂಜಿ ಮಾವನ ಬೈಕಿನ ಪ್ಲಗ್ಗನ್ನು ಒಗೆಯುವ ಕಲ್ಲಿನ ಮೇಲೆ ಬೀಳಿಸಿದಾಗ ಅವನ ಜೀವವೂ ಅದರ ಜೊತೆಗೇ ಬಿತ್ತು.

ಮಾವ ದೊಡ್ಡಮುನಿಯಪ್ಪ ಬೆಳಿಗ್ಗೆ ಮುಳಬಾಗಿಲಿಗೆ ಬಸ್ಸು ಹತ್ತುವ ಮುಂಚೆ, "ಗಾಡಿ ಕೆಟ್ಟೋಗಿದೆ, ಯಾರೂ ಮುಟ್ಟಬಾರ್ದು" ಎಂದು ಹೇಳಿಯೇ ಹೋಗಿದ್ದರು. ಅವರ ಮೀಸೆ ಕಂಡರೆ ಆಂಜಿಗೆ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು.

ಆದರೆ ಅತ್ತೆ ಶಾಮಲಮ್ಮ ಬಿಡಬೇಕಲ್ಲ. "ಅಳಿಯಂದ್ರೇ, ನೀವು ಸ್ವಲ್ಪ ನೋಡಿ. ತಾಯಲೂರಿನ ನಮ್ಮಣ್ಣನ ಮನೆಗೆ ಹೋಗಿ ತಿಂಗಳಾಯ್ತು. ಹೊರಡೋಣ ಅಂದಾಗೆಲ್ಲಾ ಈ ಗಾಡಿ ಮಲಗಿಬಿಡ್ತದೆ." ಆಗುವುದಿಲ್ಲ ಎಂದು ಅತ್ತೆಗೆ ಹೇಳುವ ಧೈರ್ಯ ಆಂಜಿಗೆ ಎಲ್ಲಿಂದ ಬರಬೇಕು? ಪ್ಲಗ್ ಬಿಚ್ಚಿದ. ಅದು ಕೈ ಜಾರಿತು.

ಎತ್ತಿ ನೋಡಿದರೆ ತುದಿಯ ಕೊಕ್ಕೆ ಕೆಳಗಿನ ಕಡ್ಡಿಗೆ ಅಂಟಿಕೊಂಡಿದೆ. ಕಿಡಿ ಹಾರಲು ಸಂದೇ ಇಲ್ಲ. ಸಂಜೆ ಮಾವ ಬಂದರೆ ತನ್ನ ಗತಿ ಮುಗಿಯಿತು ಎಂದುಕೊಂಡ.

ಪಕ್ಕದ ಮನೆಯ ನರೇಶ್ ಬಂದ. ಪಂಕ್ಚರ್ ಹಾಕುವವನಾದರೂ ರಾಕೆಟ್ಟಿಗೂ ಸಲಹೆ ಕೊಡುವ ಆಸಾಮಿ.

"ಗಾಬರಿ ಆಗ್ಬೇಡ ಭಾವ. ಉಗುರಿನಷ್ಟು ಗ್ಯಾಪ್ ಬಿಟ್ರೆ ಸಾಕು. ನಮ್ಮೂರಲ್ಲಿ ಎಲ್ರೂ ಹಂಗೇ ಮಾಡೋದು."

ಕೊಕ್ಕೆಯನ್ನು ಮೀಟಿ, ಆಂಜಿ ತನ್ನ ಉಗುರು ತೂರಿಸಿ ಅಳೆದ. ಕಿಕ್ ಹೊಡೆದ. ಗಾಡಿ ಉಸಿರೆತ್ತಲಿಲ್ಲ.

"ಭಯಕ್ಕೆ ಕಚ್ಚಿ ಕಚ್ಚಿ ನಿನ್ನ ಉಗುರು ಈರುಳ್ಳಿ ಸಿಪ್ಪೆ ಆಗಿದೆ" ಎಂದು ನರೇಶ್ ತನ್ನ ಹೆಬ್ಬೆರಳನ್ನೇ ಕೊಟ್ಟ. ಪಂಕ್ಚರ್ ಸೊಲ್ಯೂಷನ್ ಮೆತ್ತಿ ಮೆತ್ತಿ ಅದರ ಉಗುರು ಬಿಲ್ಲೆಯಷ್ಟು ದಪ್ಪವಾಗಿತ್ತು. ಈ ಸಲ ಗಾಡಿ ಢಮ್ಮೆಂದಿತು. ಕೋಳಿಗಳು ಗೋಡೆ ಹತ್ತಿದವು, ಆಂಜಿ ಕಂಬದ ಹಿಂದೆ ಸೇರಿದ.

"ನಮ್ಮ ರೇಷ್ಮೆ ಹುಳ ಹೆದರ್ತವೆ ಕಣ್ರೋ" ಎನ್ನುತ್ತಾ ಆಚೆಮನೆಯ ಭಾರತಮ್ಮ ಬೇಲಿ ದಾಟಿ ಬಂದಳು. ವಿಷಯ ತಿಳಿದು ತನ್ನ ಬೆರಳು ಚಾಚಿದಳು. ವರ್ಷಗಟ್ಟಲೆ ಹಿಪ್ಪುನೇರಳೆ ಸೊಪ್ಪು ಚಿವುಟಿದ ಉಗುರು ಸಂದಿನಲ್ಲಿ ಸರಿಯಾಗಿ ಕೂತಿತು. ಒಂದೇ ಕಿಕ್ಕಿಗೆ ಗಾಡಿ ಓಡಿತು. ಶಾಮಲಮ್ಮ ಸೀರೆ ಬದಲಿಸಲು ಒಳಗೆ ಓಡಿದಳು. ನರೇಶ್, ಭಾರತಮ್ಮ ತಮ್ಮ ತಮ್ಮ ಮನೆಗೆ ಹೋದರು.

ಆಂಜಿ ಎಂಜಿನ್ ಆರಿಸಿ ತಿರುಗಿದ. ಹಿಂದೆ ಮೀಸೆ ನಿಂತಿತ್ತು.

"ಯಾರು ಮಾಡಿದ್ದು?"

"ಮಾವ, ಪ್ಲಗ್ ಕೈ ಜಾರಿ ಬಿತ್ತು, ಸಂದು ಮುಚ್ಚಿಕೊಂಡಿತು..."

"ಬಿದ್ದು ಮುಚ್ಚಿದ್ದಲ್ಲ ಕಣಯ್ಯಾ" ಎಂದು ಮಾವ ಕಿವಿಯ ಬಳಿ ಪಿಸುಗುಟ್ಟಿದರು. "ನಾನೇ ಸುತ್ತಿಗೇಲಿ ತಟ್ಟಿ ಮುಚ್ಚಿದ್ದು. ಅವಳಣ್ಣನ ಮುಂದೆ ಕೂತ್ರೆ ನನಗೇ ಕೈಕಾಲು ನಡುಗ್ತವೆ. ಅವಳು ಬರೋದ್ರೊಳಗೆ ಮತ್ತೆ ಮುಚ್ಚಿಬಿಡು."

ಕಾದ ಪ್ಲಗ್ ಬಿಚ್ಚುವಾಗ ಆಂಜಿಯ ಬೆರಳು ಸುಟ್ಟಿತು. ಹೇಗೋ ತಟ್ಟಿ ಮುಚ್ಚಿ ಕೂರಿಸಿದ. ಮಲ್ಲಿಗೆ ಮುಡಿದು ಬಂದ ಶಾಮಲಮ್ಮನ ಎದುರು ಕಿಕ್ ಹೊಡೆದರೆ ಗಾಡಿ ತೆಪ್ಪಗಿತ್ತು.

"ಈಗ ತಾನೇ ಓಡ್ತಿತ್ತಲ್ಲ. ಮತ್ತೆ ಯಾರು ಕೈ ಹಾಕಿದ್ದು?"

ಸ್ಪ್ಯಾನರ್ ಆಂಜಿಯ ಕೈಯಲ್ಲೇ ಇತ್ತು. ಅವನು ಮಾವನ ಮುಖ ನೋಡಿದ. ಮಾವ ಮೀಸೆ ತಿರುವಿ ಗುಡುಗಿದರು: "ಮುಟ್ಟಬಾರ್ದು ಅಂತ ಬೆಳಿಗ್ಗೆ ಬಡ್ಕೊಂಡಿರ್ಲಿಲ್ವಾ?"

"ಗಾಡಿ ಸರಿ ಮಾಡೋ ತನಕ ಅಳಿಯಂದ್ರು ಊರಿಗೆ ಹೋಗಂಗಿಲ್ಲ" ಎಂದಳು ಅತ್ತೆ.

"ಅದಕ್ಯಾಕೆ ಅಷ್ಟು ಯೋಚನೆ?" ಭಾರತಮ್ಮ ಬೇಲಿಯ ಮೇಲಿಂದ ಮತ್ತೆ ಬೆರಳು ಚಾಚಿದಳು. "ಉಗುರು ಇಲ್ಲೇ ಇದೆಯಲ್ಲ."

ಮಾವ ತಮ್ಮ ಚಪ್ಪಲಿ ಕಾಲನ್ನು ಆಂಜಿಯ ಬರಿಗಾಲಿನ ಮೇಲಿಟ್ಟು ಮೆಲ್ಲಗೆ ಒತ್ತಿದರು.