ಆನೆಗೆ ಸಿಮೆಂಟಿನ ರೇನ್‌ಕೋಟು

ನಮ್ಮ ಭಾವನವರಷ್ಟು ಧೈರ್ಯಸ್ಥರು ಇಡೀ ಗೋವಿಂದರಾಜನಗರದಲ್ಲೇ ಇರಲಿಲ್ಲ. ಅವರ ಮನೆಯೊಳಗೆ ಕಾಲಿಡುವ ಧೈರ್ಯ ಮಾತ್ರ ನನಗಿರಲಿಲ್ಲ! ಎಪ್ಪತ್ತರ ದಶಕದ ಮಾತು. ಸಿಮೆಂಟಿನ ಪರ್ಮಿಟ್ಟಿಗಾಗಿ ಊರೇ ಕ್ಯೂ ನಿಂತಿದ್ದರೆ, ನಮ್ಮಕ್ಕನ ಗಂಡ ಕೈಗೆ ಬಂದ ಪರ್ಮಿಟ್ಟನ್ನು ಬೇಡವೆಂದು ವಾಪಸು ಕೊಟ್ಟು, ಮಣ್ಣಿನ ಮನೆ ಕಟ್ಟಲು ಹೊರಟರು.

ಮಣ್ಣೆಂದರೆ ಯಾವ ಮಣ್ಣೂ ಆಗದು. ಕೆಂಗೇರಿ ಕಡೆಯಿಂದ ಟಿಫನ್ ಕ್ಯಾರಿಯರ್‌ನಲ್ಲಿ ಮಣ್ಣು ತಂದು, ಬಸ್ಸಿನಲ್ಲೇ ಮುಚ್ಚಳ ತೆಗೆದು ಉಂಡೆ ಕಟ್ಟಿ ನೋಡುತ್ತಿದ್ದರು. ಕಂಡಕ್ಟರ್ ಸುಮ್ಮನಿರುತ್ತಾನೆಯೇ?

"ಏನ್ ಸಾರ್, ಮನೇಲಿ ಜಗಳಾನಾ? ಊಟಕ್ಕೆ ಮಣ್ಣು ಹಾಕಿ ಕಳ್ಸಿದಾರೆ!"

"ಮುದ್ದೆ ಥರ ನಿಲ್ಬೇಕು ಕಣಪ್ಪ, ಒಡೀಬಾರ್ದು. ಮುಟ್ಟಿ ನೋಡ್ತೀಯಾ?"

ಗೋಡೆಗಳು ಎದ್ದವು. ಹೊರಗೋಡೆಯ ಮೇಲೆ ಮಣ್ಣಿನಲ್ಲೇ ಒಂದು ಆನೆಯ ಉಬ್ಬುಚಿತ್ರವನ್ನೂ ಮೂಡಿಸಿದರು. ನೋಡಿದವರೆಲ್ಲ ಭೇಷ್, ನಮಗೂ ಇಂಥದ್ದೇ ಕಟ್ಟಿಸಿಕೊಡಿ ಎಂದರು. ನಾನೋ, ಬಿನ್ನಿಪೇಟೆಯಲ್ಲಿ ಕೂತು ಮೋಡ ಕಂಡರೆ ನಡುಗುತ್ತಿದ್ದೆ. ಮಳೆ ಬಂದರೆ ಆನೆ ಕರಗುತ್ತದೆ; ಆನೆಯ ಹಿಂದೆ ಗೋಡೆ; ಗೋಡೆಯ ಹಿಂದೆ ತುಂಬು ಬಸುರಿ ಅಕ್ಕ! ಊಟ ಸೇರುವುದಾದರೂ ಹೇಗೆ?

ಅವರಿಬ್ಬರೂ ನೆಂಟರ ಮನೆಗೆ ಹೋದ ಸಮಯ ನೋಡಿ, ಹೇಗೋ ಸಿಮೆಂಟ್ ಹೊಂದಿಸಿ, ಗಾರೆಯವನನ್ನು ಕರೆಸಿ, ಆ ಗೋಡೆಗೆ ಗಿಲಾವು ಮಾಡಿಸಿಬಿಟ್ಟೆ.

ಭಾವ ಬಂದು ನೋಡಿದರು. "ಏನೋ ಇದು? ಆನೆಗೆ ರೇನ್‌ಕೋಟ್ ಹಾಕ್ಸಿದ್ಯಾ?"

"ಮಳೆಗಾಲ ಬಂತಲ್ಲ ಭಾವ. ಭಯ ಆಗುತ್ತೆ."

"ಮಣ್ಣು ನೆಂದ್ರೂ ಒಣಗುತ್ತೆ ಕಣೋ. ಈ ಸಿಮೆಂಟ್ ಒಳಗೆ ನೀರು ಹೋದ್ರೆ ಆಚೆ ಬರೋಕೆ ದಾರೀನೇ ಇಲ್ಲ. ನಾಳೇನೇ ಕಿತ್ತಾಕ್ತೀನಿ."

"ಅಕ್ಕನ ಹೆರಿಗೆ ಆಗೋವರೆಗೂ ಇರ್ಲಿ ಭಾವ. ನಿಮ್ಮ ಕಾಲಿಗೆ ಬೀಳ್ತೀನಿ."

ನನ್ನ ಮುಖ ನೋಡಿ, ಪಾಪ, ಒಪ್ಪಿಕೊಂಡರು.

ಮಳೆ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಉಂಡು ಅಕ್ಕ, ಭಾವ ಒಳಗೆ ಮಲಗಿದ್ದರು, ನಾನು ಜಗಲಿಯಲ್ಲಿದ್ದೆ. ಗಿಲಾವಿನ ಬಿರುಕಿನಲ್ಲಿ ಇಳಿದ ನೀರು ಒಳಗೇ ನಿಂತು, ಆ ಗೋಡೆಯೊಂದೇ ಧೊಪ್ಪನೆ ಕುಸಿಯಿತು. ಮಿಕ್ಕ ಗೋಡೆಗಳು ಮಿಸುಕಲಿಲ್ಲ! ಜೀವ ಕೈಯಲ್ಲಿ ಹಿಡಿದು ಒಳಗೆ ಓಡಿದೆ. ಅಕ್ಕ ಹಾಸಿಗೆಯ ಆಚೆ ಬದಿಯಲ್ಲಿ ಎದ್ದು ಕೂತಿದ್ದಳು. ಭಾವನ ಕಾಲು ಮೊಣಕಾಲಿನವರೆಗೆ ಮಣ್ಣಿನಡಿ.

"ಅಳಬೇಡ್ವೋ, ಕಾಂಕ್ರೀಟ್ ಆಗಿದ್ರೆ ಕಾಲೇ ಹೋಗಿರೋದು!"

ಅಕ್ಕಪಕ್ಕದವರು ಸೇರಿದರು. "ಮಣ್ಣಿನ ಮನೆ ಅಂದ್ರೆ ಇಷ್ಟೇ ಸಾರ್. ನಾವೂ ನಿಮ್ಮ ಕೈಲೇ ಕಟ್ಟಿಸೋಣ ಅಂತಿದ್ವಿ. ಬದುಕಿಕೊಂಡ್ವಿ!"

ಭಾವ ಒಮ್ಮೆ ನನ್ನತ್ತ ನೋಡಿ, "ಹೌದು, ನನ್ನ ಅಂದಾಜು ತಪ್ಪಾಯ್ತು" ಎಂದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಆ ಬಡಾವಣೆಯಲ್ಲಿ ಮಣ್ಣಿನ ಮನೆ ಬೇಕೆಂದು ಯಾರೂ ಅವರನ್ನು ಕೇಳಲಿಲ್ಲ. ಅದು ನನ್ನ ಪಾಪ. ಈ ವಯಸ್ಸಿನಲ್ಲಿ ಒಪ್ಪಿಸುತ್ತಿದ್ದೇನೆ.

ಅಂದು ಎಲ್ಲರೂ ಹೋದ ಮೇಲೆ ಕೇಳಿದೆ: "ಯಾಕ್ ಭಾವ ನನ್ನ ಹೆಸರು ಹೇಳ್ಲಿಲ್ಲ?"

"ಭಯಪಟ್ಟೋನನ್ನ ಏನಂತ ಬಯ್ಯೋದೋ? ನಂಗೇನು ಭಯ ಇಲ್ಲ ಅಂದ್ಕೊಂಡ್ಯಾ? ನಿಮ್ಮಕ್ಕನ್ನೇ ಕೇಳು. ಈ ಮನೆಗೆ ಬಂದಾಗಿಂದ ಗೋಡೆ ಕಡೆ ಮಲಗೋನು ನಾನೇ."