ಮಾಳಿಗೆಯ ಆಕಾಶಕ್ಕೊಂದು ಖಾಯಂ ನಂಬರು

ನಮ್ಮ ಮಾಮ ಮೋಡಗಳಿಗೆ ದರ್ಜೆ ಕೊಡುತ್ತಾರೆ. ಹೌದು, ಆಕಾಶದಲ್ಲಿ ತೇಲುವ ಮೋಡಗಳಿಗೇ! ಫಸ್ಟ್ ಕ್ವಾಲಿಟಿ, ಸೆಕೆಂಡ್ ಕ್ವಾಲಿಟಿ, ಬರೀ ಕಸ, ಹೀಗೆ ದಿನಕ್ಕೊಂದು ತೀರ್ಪು. ಇಂಥವರೊಬ್ಬರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಅದು ನಿಮ್ಮ ಪುಣ್ಯವೋ ದುರದೃಷ್ಟವೋ, ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ಮಾಮ ಎಂದರೆ ನಮ್ಮವ್ವನ ತಮ್ಮ. ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಜೀವಮಾನವೆಲ್ಲ ಹತ್ತಿ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಹತ್ತಿ ನೋಡುವುದು ಎಂದರೆ ಸುಮ್ಮನೆ ನೋಡುವುದಲ್ಲ. ಒಂದು ಚಿಟಿಕೆ ಅರಳೆ ಕಿತ್ತು, ಬೆರಳುಗಳ ನಡುವೆ ಎಳೆದೆಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಒಳಗೆ ಕಸವೆಷ್ಟು, ತೇವವೆಷ್ಟು ಎಂದು ಹೇಳಬೇಕು. ಮಾಮ ಹಾಗೆ ಎಳೆಯುವಾಗ ಮಾರುವವನೂ ಕೊಳ್ಳುವವನೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಬೆರಳಿಗೆ ಹತ್ತಿಯಿಲ್ಲ, ಎದುರಿಗೆ ಉಸಿರು ಬಿಗಿಹಿಡಿಯುವವರಿಲ್ಲ. ಪಾಪ, ಮನುಷ್ಯ ಏನು ಮಾಡಬೇಕು? ಒಂದು ಸಂಜೆ ಮಾಳಿಗೆ ಹತ್ತಿ ತಲೆಯೆತ್ತಿದರು. ನೋಡಿದರೆ, ಯಾರೂ ಮುಟ್ಟದ ಮಾಲು ಮೇಲೆ ರಾಶಿ ರಾಶಿ ಬಿದ್ದಿದೆ!

"ಇದು ಪೆದ್ದಕಡುಬೂರು ಕಡಿ ಮಾಲು. ಎಳಿ ಗಿಡ್ಡ ಐತಿ," ಎನ್ನುತ್ತಾರೆ ಕೈಯನ್ನು ಹಣೆಗೆ ಅಡ್ಡ ಹಿಡಿದು. "ಅಕಾ, ಉರುಕುಂದದ ಕಡಿಂದ ಬಂದದ್ದು ನೋಡಲೇ ಅಳಿಯಾ, ಎಷ್ಟು ಬೆಳ್ಳಗ ಐತಿ! ಒಂದ್ ಚೂರು ಕಸ ಇಲ್ಲ. ಆದ್ರ ಮಾಯಿಶ್ಚರ್ ಜಾಸ್ತಿ. ತೂಕ ಬರ್ಲಿ ಅಂತ ನೀರು ಹೊಡದಾರ!"

"ಯಾರು ಮಾಮಾ ನೀರು ಹೊಡದವರು?" ಎಂದು ಕೇಳಿದೆ.

ಮಾಮ ಮೇಲೆ ನೋಡಿ ಎರಡೂ ಕೈ ಜೋಡಿಸಿದರು. ಮಿಲ್ಲಿನಲ್ಲಾಗಿದ್ದರೆ ಆ ವ್ಯಾಪಾರಿಯನ್ನು ಹೊರಗೆ ಹಾಕಿಸುತ್ತಿದ್ದರು!

ಈ ತೀರ್ಪುಗಳನ್ನೆಲ್ಲ ದಿನವೂ ಕೇಳುವ ಒಬ್ಬರೇ ಶ್ರೋತೃ ನಮ್ಮ ಅತ್ತೆ, ಅಂದರೆ ಮಾಮನ ಹೆಂಡತಿ. ಅತ್ತೆ ತೆಲುಗು ಮನೆಯಿಂದ ಬಂದವರು. ಬೈಯುವುದು ತೆಲುಗಿನಲ್ಲಿ, ಮರುಗುವುದು ಕನ್ನಡದಲ್ಲಿ. ನನ್ನನ್ನು ಕರೆಯುವುದು ‘ನಾಯನಾ’ ಎಂದು, ಅಂದರೆ ತೆಲುಗಿನಲ್ಲಿ ಮಗನೇ ಎಂದು. ಸಂಜೆಯ ಚಹಾ ಮುಗಿದರೆ ಸಾಕು, ಮಾಳಿಗೆಯ ಮೇಲೆ ಇಬ್ಬರ ಎರಡು ಪ್ಲಾಸ್ಟಿಕ್ ಕುರ್ಚಿ. ಊರ ಬೆಟ್ಟ ಮೊದಲು ಕೆಂಪಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕತ್ತಲಲ್ಲಿ ಕರಗಿ ಹೋಗುವವರೆಗೆ ಇಬ್ಬರೂ ಏಳುತ್ತಿರಲಿಲ್ಲ. ಮದುವೆಯಾದ ದಿನಗಳಿಂದ ಇದೇ ರೂಢಿ. ಆಗ ಮಾಮನಿಗೆ ಮೋಡದ ಹುಚ್ಚು ಇರಲಿಲ್ಲ, ಮಾಳಿಗೆ ಮಾತ್ರ ಇತ್ತು.

ಎರಡು ವರ್ಷದ ಹಿಂದೆ ಅತ್ತೆಯ ಮೊಣಕಾಲು ಕೈಕೊಟ್ಟವು. ಮಾಳಿಗೆಗೆ ಇಪ್ಪತ್ತೆರಡು ಮೆಟ್ಟಿಲು. ಮೊದಲು ನಡುನಡುವೆ ಕೂತು ಹತ್ತಿದರು, ಆಮೇಲೆ ಮಾಮನ ಹೆಗಲು ಹಿಡಿದು ಹತ್ತಿದರು, ಆಮೇಲೆ ಹತ್ತಲಿಲ್ಲ. ಕೆಳಗಿನ ಕೋಣೆಯ ಮಂಚವೇ ಅವರ ಮಾಳಿಗೆಯಾಯಿತು.

"ಅಲ್ಲ ಮಾಮಾ, ನೀವ ಸಂಜಿಕ ಕೆಳಗ ಕೂಡಬಾರದೇನ್ರಿ?" ಎಂದು ಒಮ್ಮೆ ಬುದ್ಧಿವಂತಿಕೆ ತೋರಿಸಿದೆ.

ಉತ್ತರ ಬಂದದ್ದು ಅತ್ತೆಯಿಂದ. "ಬ್ಯಾಡ. ಅವರೂ ಕೆಳಗ ಕೂತ್ರ ನನ್ನ ಮಣಕಾಲು ಗೆದ್ದಂಗ ಆಗತೈತಿ."

ಹೀಗಾಗಿ ಮಾಮ ಒಬ್ಬರೇ ಹತ್ತಿ, ನೋಡಿ, ಇಳಿದು ಬಂದು ವರದಿ ಒಪ್ಪಿಸತೊಡಗಿದರು. ಅತ್ತೆಗೆ ವರದಿಗಾರರ ಮೇಲೆ ನಂಬಿಕೆ ಇಲ್ಲ. "ನಿನ್ನೆನೂ ಇದ ಹೇಳಿದ್ರಿ. ನೀವು ಮ್ಯಾಗ ಹೋಗಿ ನಿದ್ದಿ ಮಾಡಿ ಬಂದೀರಿ!" ಎಂದು ಜಾಲಾಡಿಸುತ್ತಿದ್ದರು. ಅನುಮಾನ ಪೂರ್ತಿ ಸುಳ್ಳೂ ಆಗಿರಲಿಲ್ಲವೆನ್ನಿ!

ಸರಿ, ಮಾಮ ಸಾಕ್ಷಿ ಒದಗಿಸಲು ಹೊರಟರು. ಮಾಳಿಗೆಯ ಸಣ್ಣ ಕೋಣೆಯಲ್ಲಿ ಅವರ ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೊಂದು ಕ್ಯಾಮೆರಾ ತಂದು, ಕಿಟಕಿಯ ಸರಳಿಗೆ ಹುರಿಯಿಂದ ಕಟ್ಟಿ, ಆಕಾಶದ ಕಡೆಗೆ ಮುಖ ಮಾಡಿದರು. ಉಳಿದದ್ದು ನನ್ನ ಪಾಲಿಗೆ ಬಂತು. ನಾನು ಊರಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ. ಇಷ್ಟೇ ನನ್ನ ಅರ್ಹತೆ. ಹೇಗೋ ಮಾಡಿ, ಅತ್ತೆ ಫೋನಿನ ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಮನೆಯ ವೈಫೈ ಮೂಲಕ ಮಾಳಿಗೆಯ ಚಿತ್ರ ಬರುವಂತೆ ಕೂರಿಸಿದೆ. ಸದ್ದಿಲ್ಲ, ಚಿತ್ರ ಮಾತ್ರ. ಅತ್ತೆ ಮೊದಲ ಸಲ ಒತ್ತಿದಾಗ ಅಂಗೈಯೊಳಗೆ ಆಕಾಶ ಬಂದು ಕೂತಿತು. ಅವರು ಫೋನನ್ನು ಅಲುಗಾಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ಆ ಸುಖ ಎರಡು ದಿನ. ಮೂರನೆಯ ದಿನ ಕರೆಂಟ್ ಹೋಗಿ ಬಂತು.

"ಏಮಂಡೀ! ಆಕಾಶಂ ಪೋಯಿಂದಿ!" ಆಕಾಶ ಹೋಯಿತೆಂದು ಅತ್ತೆ ಕೆಳಗಿನಿಂದ ತೆಲುಗಿನಲ್ಲಿ ಕೂಗಿದರು.

"ಕರೆಂಟ್ ಬಂತಲ್ಲ!" ಎಂದು ಮಾಮ ಮೇಲಿನಿಂದ.

"ಕರೆಂಟ್ ಬಂತು, ಆಕಾಶ ಬರ್ಲಿಲ್ಲ!"

ಪಕ್ಕದ ಮನೆಯವರು ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ, ಎಲ್ಲ ಸ್ವಸ್ಥಾನದಲ್ಲಿಯೇ ಇದೆ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರಂತೆ!

ನಾನು ಹೋಗಿ ಸರಿಮಾಡಿದೆ. ಮತ್ತೆ ಕರೆಂಟ್ ಹೋಯಿತು, ಮತ್ತೆ ಆಕಾಶ ಹೋಯಿತು, ಮತ್ತೆ ನಾನು ಹೋದೆ. ನಾಲ್ಕನೆಯ ಸಲಕ್ಕೆ ಅತ್ತೆ ಫೋನನ್ನು ದಿಂಬಿನ ಕೆಳಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಇದ ಕಡೀದು ನಾಯನಾ. ಇನ್ನೊಮ್ಮೆ ಹೋದ್ರ ನನಗ ಬ್ಯಾಡ. ದಿನಾ ಕೊಟ್ಟು ಕಸಗೊಂಡಂಗ ಆಗತೈತಿ." ಮಾಮ ಬಾಗಿಲಲ್ಲಿ ನಿಂತು ಉಗುರು ನೋಡಿಕೊಳ್ಳುತ್ತಿದ್ದರು. ಮೋಡಕ್ಕೆ ಮುಲಾಜಿಲ್ಲದೆ ಮಾರ್ಕು ಹಾಕುವ ಮನುಷ್ಯ ಅಷ್ಟು ಸಣ್ಣಗೆ ಕಂಡದ್ದು ಅದೇ ಮೊದಲು.

ಅವರನ್ನು ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋಗಿ ತಿಳಿಸಿ ಹೇಳಿದೆ. ಮನೆಯ ವೈಫೈ ಡಬ್ಬಿ ಒಬ್ಬ ಬಸ್ ಕಂಡಕ್ಟರ್ ಇದ್ದ ಹಾಗೆ. ಪ್ರತಿ ಫೋನಿಗೆ, ಟೀವಿಗೆ, ಕಂಪ್ಯೂಟರಿಗೆ ಒಂದೊಂದು ಸೀಟ್ ನಂಬರ್ ಕೊಡುತ್ತದೆ. ಕರೆಂಟ್ ಹೋಗಿ ಬಂದರೆ ಹಳೆಯದೆಲ್ಲ ಮರೆತು ಹೊಸದಾಗಿ ಹಂಚುತ್ತದೆ. ನಿನ್ನೆ ೧೦೩ರಲ್ಲಿ ಕೂತ ಕಂಪ್ಯೂಟರ್ ಇವತ್ತು ೧೦೫ರಲ್ಲಿ. ಅತ್ತೆಯ ಫೋನು ಪಾಪ, ಇನ್ನೂ ೧೦೩ರಲ್ಲೇ ಹುಡುಕುತ್ತಿದೆ.

ಮಾಮನ ಮುಖ ಅರಳಿತು. "ಅಂದ್ರ ಸೀಟಿಗೆ ಟವಲ್ ಹಾಕಬೇಕು ಅನ್ನು!"

ನಮ್ಮ ಬಸ್‌ಸ್ಟ್ಯಾಂಡ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಒಳಗೆ ಬೀಳುತ್ತದೆ. ಆಮೇಲೆ ಆ ಸೀಟಿನಲ್ಲಿ ಕೂರುವ ಧೈರ್ಯ ಯಾರಿಗಿದೆ? ನಾನು ಹೌದೆಂದೆ. ಕಂಪ್ಯೂಟರಿಗೆ ನಾವೇ ಒಂದು ಖಾಯಂ ನಂಬರ್ ಬರೆದಿಡುವುದು, ಅದಕ್ಕೆ ಸ್ಟ್ಯಾಟಿಕ್ ಐಪಿ ಅನ್ನುತ್ತಾರೆ ಎಂದೆ. ಮಾಮ ಕಿಟಕಿಯಾಚೆ ನೋಡುತ್ತ ಕನಸಿನಲ್ಲಿದ್ದವರಂತೆ ಹೇಳಿದರು. "ಅಳಿಯಾ, ಆಕಾಶ ಎಲ್ಲಿ ಐತಿ ಅಂತ ಯಾರರ ಕೇಳಿದ್ರ ಇನ್ನ ಮುಂದ ನಂಬರ್ ಹೇಳಬಹುದು ನೋಡು!"

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಗ ನಾನೊಂದು ತಪ್ಪು ಮಾಡಿದೆ. "ಮೊದಲಿನ ಅಂಕಿಗಳನ್ನ ಮುಟ್ಟಂಗಿಲ್ಲ ಮಾಮಾ, ಕೊನೇ ನಂಬರ್ ಮಾತ್ರ ನಿಮ್ಮ ಇಷ್ಟ," ಎಂದುಬಿಟ್ಟೆ. ಇವರ ಮನೆಯಲ್ಲಿ ಇಷ್ಟದ ಪ್ರಶ್ನೆ ಎತ್ತಬಹುದೆ?

"ನೂರಾ ಒಂದು ಹಾಕು. ನಮ್ಮ ಮನ್ಯಾಗ ಯಾರ ಮದುವಿಗೆ ಹೋದ್ರೂ ಮುಯ್ಯಿ ನೂರಾ ಒಂದ."

ಕೆಳಗಿನ ಕೋಣೆಗೂ ಮಾತು ಕೇಳಿಸಿತ್ತು. "ನೂಟ ಪದಹಾರು! ನೂರಾ ಹದಿನಾರು ಹಾಕು ನಾಯನಾ! ನಮ್ಮ ಕಡಿ ನೂರಾ ಒಂದು ಅಂದ್ರ ಕೈ ಬಿಗಿ ಮಂದಿ ಅಂತಾರ!"

ನಮ್ಮ ಸೀಮೆಯಲ್ಲಿ ಇದು ಇದ್ದದ್ದೇ. ಕನ್ನಡದ ಮನೆಗಳ ಮುಯ್ಯಿ ೧೦೧, ತೆಲುಗು ಮನೆಗಳದು ೧೧೬. ಇವರಿಬ್ಬರ ಮದುವೆಯ ಚಪ್ಪರದಲ್ಲೇ ಬೀಗರು ಈ ಮಾತಿಗೆ ಗಂಟಲು ಹರಿದುಕೊಂಡಿದ್ದರೆಂದು ಅವ್ವ ಹೇಳುತ್ತಿದ್ದಳು. ಆ ವ್ಯಾಜ್ಯ ನನ್ನ ಕೀಬೋರ್ಡಿನ ಮೇಲೆ ಬಂದು ಇಳಿಯಬಹುದೆಂದು ಯಾರು ಎಣಿಸಿದ್ದರು? ಕಂಪ್ಯೂಟರ್ ಮುಂದೆ ನನ್ನ ಪಕ್ಕದಲ್ಲಿ ಕೂತವರು ಮಾಮ, ಅತ್ತೆ ಕೆಳಗಿದ್ದರು. ನಾನು ೧೦೧ ಬರೆದೆ. ಇನ್ನು ಓಕೆ ಒತ್ತಬೇಕು. ಮಾಮ ನನ್ನ ಕೈ ಹಿಡಿದರು.

"ತಡಿ. ಒಂದು ಛಲೋ ಮೋಡ ಬರ್ಲಿ."

ಉಳಿದವರು ರಾಹುಕಾಲ ನೋಡುತ್ತಾರೆ, ನಮ್ಮ ಮಾಮ ಮೋಡ ನೋಡುತ್ತಾರೆ! ಇಬ್ಬರೂ ಕಿಟಕಿಯಲ್ಲಿ ಕಾದೆವು. ಆಶ್ವಯುಜದ ತಿಳಿ ಮಧ್ಯಾಹ್ನ, ಬಿಸಿಲು ಮಾಗಿತ್ತು. ಎಲ್ಲೋ ಮಿಲ್ಲಿನ ಸದ್ದು ತೂಕಡಿಸುವಂತೆ ಬರುತ್ತಿತ್ತು. ಅರ್ಧ ಗಂಟೆಯ ಮೇಲೆ ನಂದವರಂ ದಿಕ್ಕಿನಿಂದ ಒಂದೇ ಒಂದು ಬಿಳಿ ಮೋಡ, ಯಾರೂ ತನ್ನನ್ನು ಕಾಯುತ್ತಿಲ್ಲವೆಂಬಂತೆ ನಿಧಾನವಾಗಿ ಬಂತು. ನಿಜ ಹೇಳುತ್ತೇನೆ, ಅಷ್ಟು ಹೊತ್ತು ಕಾದ ಮೇಲೆ ನನಗೂ ಅದು ಬಹಳ ಒಳ್ಳೆಯ ಮಾಲು ಎನಿಸಿತು. ಮಾಮ ಓಕೆ ಒತ್ತಿದರು.

ಕೆಳಗೆ ಬಂದು, ಮೊದಲೇ ದಿಂಬಿನ ಕೆಳಗಿಂದ ತೆಗೆದು ಚಾರ್ಜಿಗೆ ಹಾಕಿ ಆರಿಸಿಟ್ಟಿದ್ದ ಅತ್ತೆಯ ಫೋನನ್ನು ಹಚ್ಚಿ, ಗುಂಡಿಗೆ ಹೊಸ ನಂಬರ್ ಕೊಟ್ಟು ಒತ್ತಿದೆ. ಏನೂ ಇಲ್ಲ. ಅಷ್ಟರಲ್ಲಿ ಮೇಲಿನಿಂದ ಮಾಮನ ಕೂಗು. "ಲೇ ಅಳಿಯಾ! ಇದೇ ನಂಬರಿನ್ಯಾಗ ಇನ್ನೊಬ್ಬರು ಅದಾರ ಅಂತೈತಿ ಕಂಪ್ಯೂಟರು!"

ಇನ್ನೊಬ್ಬರು ಯಾರು? ಅತ್ತೆಯೇ! ವೈಫೈ ಡಬ್ಬಿ ಸೀಟು ಹಂಚುವುದು ನೂರರಿಂದ. ಅತ್ತೆಯ ಫೋನಿಗೆ ಅದು ಮೊದಲೇ ೧೦೧ ಕೊಟ್ಟಿತ್ತು. ಕಂಡಕ್ಟರ್ ಕೊಟ್ಟ ಸೀಟಿನ ಮೇಲೆ ನಾನು ನೋಡದೆ ಟವಲ್ ಎಸೆದಿದ್ದೆ. ಒಂದೇ ಸೀಟಿಗೆ ಇಬ್ಬರು, ಇಬ್ಬರಿಗೂ ಪ್ರಯಾಣವಿಲ್ಲ. ವಿಜ್ಞಾನದ ಮೇಷ್ಟ್ರ ಮರ್ಯಾದೆ ಹೋಯಿತು.

ಮಾಮ ಇಳಿದು ಬಂದು ವಿಷಯ ಕೇಳಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಕಿನ್ನ ಎಬ್ಬಿಸಿ ನಾ ಕೂಡೋದು ಈ ಮನ್ಯಾಗ ಆಗೂ ಮಾತಲ್ಲ. ನಾನ ಏಳ್ತೀನಿ. ನೂರಾ ಹದಿನಾರು ಹಾಕು."

ಮದುವೆಯ ಚಪ್ಪರದಲ್ಲಿ ಹತ್ತಿದ ವ್ಯಾಜ್ಯ ಹಾಗೆ ತೀರಿತು! ಅತ್ತೆ ಗೆದ್ದವರ ಗಾಂಭೀರ್ಯದಿಂದ ಸೆರಗು ಸರಿಮಾಡಿಕೊಂಡರು. ನಾನು ಈ ಸಲ ಜಾಣನಾಗಿ, ಇನ್ನು ಮೇಲೆ ಸೀಟು ಹಂಚುವುದೇನಿದ್ದರೂ ೧೨೦ರಿಂದ ಹಂಚು, ಅದರ ಕೆಳಗಿನದನ್ನು ಮುಟ್ಟಬೇಡ ಎಂದು ವೈಫೈ ಡಬ್ಬಿಗೆ ತಾಕೀತು ಮಾಡಿದೆ. ಕಂಪ್ಯೂಟರಿಗೆ ೧೧೬ ಬರೆದೆ. ಗುಂಡಿಗೂ ಅದೇ ನಂಬರ್ ಕೊಟ್ಟೆ. ಆಕಾಶ ಬಂತು.

ಬಂದದ್ದು ದೊಡ್ಡದಲ್ಲ, ಉಳಿಯಬೇಕಲ್ಲ? ನಮ್ಮ ಓಣಿಯ ಕರೆಂಟು ಪರೀಕ್ಷೆಗೆ ತಡಮಾಡುವಂಥದ್ದಲ್ಲ. ಸಂಜೆ ಐದೂವರೆಗೆ ಹೋಯಿತು. ಫ್ಯಾನು ನಿಂತಿತು. ಅತ್ತೆ ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಕಣ್ಣು ಮುಚ್ಚಿದರು. ಮಾಮ ಮೆಟ್ಟಿಲ ಮೇಲೆ ಕೂತರು. ಕರೆಂಟ್ ಬಂತು. ಮಾಮ ಓಡಿ ಕಂಪ್ಯೂಟರ್ ಹಚ್ಚಿದರು. ಐದು ನಿಮಿಷ ಬಿಟ್ಟು "ಒತ್ತು!" ಎಂದು ಕೂಗಿದರು. ಅತ್ತೆ ಒತ್ತಲಿಲ್ಲ, ಬೆರಳನ್ನು ನನ್ನತ್ತ ಚಾಚಿದರು. ಆ ಬೆರಳು ಹಿಡಿದು ನಾನೇ ಒತ್ತಿಸಿದೆ.

ಆಕಾಶ ಅಲ್ಲೇ ಇತ್ತು. ಬೆಟ್ಟದ ಮೇಲೆ ಕೆಂಪು ಇಳಿಯುತ್ತಿತ್ತು.

"ಬಂತ್ರೀ!" ಎಂದು ಅತ್ತೆ ಕೂಗಿದ ಕೂಗಿಗೆ ಅಂಗಳದ ಗುಬ್ಬಿಗಳು ಹಾರಿಹೋದವು. ಮರುಕ್ಷಣವೇ ಅವರಿಗೊಂದು ತಕರಾರು. "ಕ್ಯಾಮೆರಾ ಜರಾ ಕೆಳಗ ಬಗ್ಗಸ್ರಿ!"

"ಕೆಳಗ ಏನೈತಿ? ಬರೀ ಗ್ವಾಡಿ ಕಾಣತೈತಿ!"

"ಬಗ್ಗಸ್ರಿ ಅಂದ್ರ ಬಗ್ಗಸ್ರಿ!"

ಮಾಮ ಗೊಣಗುತ್ತ ಹುರಿ ಸಡಿಲಿಸಿದ್ದಿರಬೇಕು. ಪರದೆಯಲ್ಲಿ ಆಕಾಶ ಮೇಲಕ್ಕೆ ಸರಿದು ಸಣ್ಣದಾಯಿತು, ಮಾಳಿಗೆಯ ಮೋಟುಗೋಡೆ ಬಂತು, ಕುರ್ಚಿಗಳು ಬಂದವು. "ಸಾಕು, ಅಲ್ಲೇ ಇರ್ಲಿ," ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ಮಾಮ ಕೋಣೆಯಿಂದ ಹೊರಬಂದು ಒಂದು ಕುರ್ಚಿಯಲ್ಲಿ ನಮಗೆ ಬೆನ್ನು ಮಾಡಿ ಕೂತರು. ಈಗ ಪರದೆಯ ನಡುವೆ ಅವರ ಬೋಳು ತಲೆ.

"ಅತ್ತಿ, ಇದಕ್ಕ ಇಷ್ಟೆಲ್ಲ ಮಾಡಿದ್ವೇನು? ಆಕಾಶ ಒಂದು ಗೇಣು ಉಳೀತು!"

"ಆಕಾಶ ಕಿಟಕ್ಯಾಗನೂ ಕಾಣತೈತಿ ನಾಯನಾ," ಎಂದರು ಅತ್ತೆ, ಪರದೆಯಿಂದ ಕಣ್ಣು ಕೀಳದೆ.

ಚಿತ್ರದಲ್ಲಿ ಮಾಮ ಪಕ್ಕದ ಖಾಲಿ ಕುರ್ಚಿಯ ಕಡೆಗೆ ಮುಖ ಹೊರಳಿಸಿ ಬಾಗಿದರು. ಕೈಯೆತ್ತಿ ಪಡುವಣಕ್ಕೆ ಏನೋ ತೋರಿಸಿದರು. ಬಾಯಿ ಆಡುತ್ತಿತ್ತು. ಸದ್ದಿರಲಿಲ್ಲ. ನನ್ನ ಪಕ್ಕದಲ್ಲಿ ಅತ್ತೆ ಮೆಲ್ಲಗೆ "ಹೂಂ" ಎಂದರು. ಮಾಮನ ಕೈ ಇನ್ನೊಂದು ಕಡೆಗೆ ಹೊರಳಿತು. "ಹೌದ್ರಿ," ಎಂದರು ಅತ್ತೆ.

"ಅವರು ಏನು ಹೇಳಾಕತ್ತಾರ ಅಂತ ನಿಮಗ ತಿಳಿತೈತೇನು?"

"ಎಲ್ಲಿಂದ ತಿಳಿಬೇಕು? ಮ್ಯಾಗ ಕೂತಾಗನೂ ನಾ ಕೇಳ್ತಿದ್ದಿಲ್ಲ. ಜೋಡಿ ಕೂತಿರ್ತಿದ್ದೆ, ಅಷ್ಟ."

ಬೆಟ್ಟ ಕತ್ತಲಲ್ಲಿ ಕರಗುವವರೆಗೆ ಅವರು ಹೂಂಗುಟ್ಟುತ್ತಲೇ ಇದ್ದರು.