ಬುಡಮೇಲಾದ ಬೆಳ್ಳುಳ್ಳಿ

ಬೆಳ್ಳುಳ್ಳಿಯ ಎಸಳನ್ನು ಮಣ್ಣಿಗೆ ಇಡುವಾಗ ಅದರ ಚೂಪು ತುದಿ ಆಕಾಶ ನೋಡಬೇಕೋ ಪಾತಾಳ ನೋಡಬೇಕೋ ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜ್ಯಗಳು ಉರುಳಿವೆ. ಈ ಬೀದಿಯಲ್ಲಿ ಉರುಳಿದ್ದು ರಾಜ್ಯವಲ್ಲ, ಒಬ್ಬ ಬೈಂಡರ್; ಅದೂ ಸದ್ದಿಲ್ಲದೆ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕೂರಿಸುವುದು ಅವನ ಕೆಲಸ. ಆ ಕೋಣೆಗೆ ಪುಸ್ತಕಗಳು ಬರುತ್ತಿದ್ದವು, ಓದುವವರು ಬರುತ್ತಿರಲಿಲ್ಲ. ಮನೆಗೆ ಪುಸ್ತಕಗಳೂ ಬರುತ್ತಿರಲಿಲ್ಲ. ನಿದ್ದೆ ಹತ್ತಿದ ಪ್ರಯಾಣಿಕನಿಗೆ ಇಳಿಯುವ ಸ್ಟೇಷನ್ ದಾಟಿಹೋಗುವಂತೆ ಅವನಿಗೆ ಮದುವೆಯ ವಯಸ್ಸು ದಾಟಿಹೋಗಿತ್ತು. ಅಮ್ಮ ಇರುವವರೆಗೆ "ಸ್ವೆಟರ್ ಹಾಕ್ಕೊಂಡ್ಯೇನೋ?" ಎಂದು ಕೇಳಲಾದರೂ ಒಂದು ದನಿಯಿತ್ತು. ಅವಳು ಹೋದಮೇಲೆ ಆ ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಪ್ರೆಶರ್ ಕುಕ್ಕರ್ ಒಂದೇ. ಅದು ಕೂಗಿದಾಗ ಬೈಂಡರ್ "ಬಂದೆ, ಬಂದೆ" ಎನ್ನುತ್ತಿದ್ದ. ಆ ದಿನದ ಸಂಭಾಷಣೆ ಅಲ್ಲಿಗೆ ಮುಗಿಯುತ್ತಿತ್ತು.

ಹೋದ ವರ್ಷ, ಎಲೆ ಉದುರುವ ಕಾಲದಲ್ಲಿ, ಮನೆಯ ಮಗ್ಗುಲಿನ, ಬೀದಿಗೆ ಕಾಣುವ ಹಿತ್ತಲಲ್ಲಿ ಅಮ್ಮ ಬೆಳ್ಳುಳ್ಳಿ ಹಾಕುತ್ತಿದ್ದ ಮಡಿ ಖಾಲಿ ಬಿದ್ದಿರುವುದನ್ನು ನೋಡಲಾರದೆ ತಾನೇ ನೆಡಲು ಹೊರಟ. ಉದ್ದಕ್ಕೆ ಸಾಲು ತೋಡಿ, ಎಸಳುಗಳನ್ನೆಲ್ಲ ಜೋಡಿಸಿಟ್ಟ. ಅಷ್ಟನ್ನೂ ತಲೆಕೆಳಗಾಗಿಯೇ ಇಟ್ಟಿದ್ದ. ನಡುವಿನ ಗಿಡ್ಡ ಗೋಡೆಯ ಆಚೆಯಿಂದ ಅದನ್ನು ನೋಡಿದವಳು ಪಕ್ಕದ ಮನೆಯ ನರ್ಸಮ್ಮ. ಆಕೆಗೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಇದ್ದಳು.

"ಅಯ್ಯೋ, ಬೇರು ಮೇಲೆ ಮಾಡಿ ಯಾರಾದ್ರೂ ಹಲ್ಲು ಕೂರಿಸ್ತಾರೇನ್ರೀ?" ಎನ್ನುತ್ತ ಗೇಟು ತೆಗೆದುಕೊಂಡು ಬಂದೇಬಿಟ್ಟಳು. ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು ಒಂದೊಂದೇ ಎಸಳನ್ನು ತಿರುಗಿಸಿಟ್ಟಳು. ತಿರುಗಿಸುತ್ತ ತಿರುಗಿಸುತ್ತ, ಹಲ್ಲು ಕೀಳಿಸಿಕೊಳ್ಳಲು ಬಂದ ಪೈಲ್ವಾನನೊಬ್ಬ ಸೂಜಿ ನೋಡಿ ಆಕೆಯ ಹಿಂದೆ ಬಚ್ಚಿಟ್ಟುಕೊಂಡ ಕತೆ ಹೇಳಿದಳು. ಬೈಂಡರ್ ನಕ್ಕ. ತನ್ನ ನಗು ಹೇಗೆ ಕೇಳಿಸುತ್ತದೆಂಬುದು ಅವನಿಗೆ ಮರೆತೇಹೋಗಿತ್ತು. ಯಾರೋ ಬಂದರೇನೋ ಎಂದು ಒಮ್ಮೆ ಹಿಂತಿರುಗಿ ನೋಡಿದ.

ಸಾಲಿಗೆ ಮಣ್ಣು ಮುಚ್ಚಿದ ಮೇಲೆ ಆಕೆ ಕೈ ಕೊಡವಿಕೊಂಡು ಹೋದಳು. ಬೆಳ್ಳುಳ್ಳಿಯ ಕೆಟ್ಟ ಗುಣವೆಂದರೆ, ಒಮ್ಮೆ ನೆಟ್ಟರೆ ಚಳಿಗಾಲವೆಲ್ಲ ಅದಕ್ಕೆ ಯಾರೂ ಬೇಡ. ಆಮೇಲೆ ಇಡೀ ವರ್ಷ ಗೋಡೆಯ ಮೇಲಿಂದ ನಡೆದದ್ದು "ಚಳಿ ಜಾಸ್ತಿ ಅಲ್ವಾ?", "ಹೌದು, ಜಾಸ್ತಿ", ಬೇಸಿಗೆಯಲ್ಲಿ "ಸೆಕೆ ಜಾಸ್ತಿ ಅಲ್ವಾ?", "ಹೌದು, ಜಾಸ್ತಿ" ಇಷ್ಟೇ. ಹೋಗಿ ಬಾಗಿಲು ತಟ್ಟಬಹುದಿತ್ತು. ಆದರೆ ಕಾರಣವಿಲ್ಲದೆ ಬಾಗಿಲು ತಟ್ಟುವ ಗಂಡಸರ ಜಾತಿಯೇ ಬೇರೆ. ಬೈಂಡರನಿಗೆ ಕಾರಣ ಬೇಕಿತ್ತು, ಅದಕ್ಕೆ ಗಟ್ಟಿಯಾದ ರಟ್ಟೂ ಬೇಕಿತ್ತು.

ಅದಕ್ಕೇ ಈ ವರ್ಷ ಮತ್ತೆ ತಲೆಕೆಳಗಾಗಿ ನೆಡುವುದೆಂದು ತೀರ್ಮಾನಿಸಿದ.

ಭಾನುವಾರ ಬೆಳಿಗ್ಗೆ, ಆಕೆಗೂ ರಜೆ, ಅವನಿಗೂ ರಜೆ. ಗೋಡೆಯ ಪಕ್ಕಕ್ಕೇ ಸಾಲು ತೋಡಿದ. ಈವರೆಗೆ ಒಂದು ಪುಸ್ತಕಕ್ಕೂ ರಟ್ಟನ್ನು ತಿರುಗಾಮುರುಗಾ ಹಾಕದ ಕೈ ಅದು. ತಪ್ಪು ಮಾಡು ಎಂದರೆ ಒಪ್ಪದು. ಎಸಳನ್ನು ತಲೆಕೆಳಗಾಗಿ ಹಿಡಿದರೆ ಬೆರಳು ತಾನಾಗಿಯೇ ಅದನ್ನು ಸರಿಮಾಡುತ್ತಿತ್ತು. ಕೊನೆಗೆ ಎಡಗೈಗೆ ಕೆಲಸ ಒಪ್ಪಿಸಿ, ಬಲಗೈಯನ್ನು ಜೇಬಿನಲ್ಲಿ ಬಂಧಿಸಿಟ್ಟು, ಮಡಿಯನ್ನೆಲ್ಲ ಅಚ್ಚುಕಟ್ಟಾಗಿ ಬುಡಮೇಲು ಮಾಡಿದ. ಮಣ್ಣು ಮುಚ್ಚಲಿಲ್ಲ. ಪಕ್ಕದ ಮನೆಯ ಕಿಟಕಿಯ ಪರದೆ ಸರಿಯಿತು. ಬೈಂಡರ್ ಕೂದಲು ಸರಿಮಾಡಿಕೊಂಡ, ತಲೆಗೆ ಮಣ್ಣಾಯಿತು.

"ಏನ್ರೀ ಬೈಂಡರೇ, ಬೆಳ್ಳುಳ್ಳಿಗೆ ಶೀರ್ಷಾಸನ ಮಾಡಿಸ್ತಿದೀರಾ?"

ಎದುರುಮನೆಯ ಮೇಷ್ಟ್ರು. ಶಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು. ತಿದ್ದಲು ಹುಡುಗರ ಉತ್ತರಗಳು ಸಿಗದಾದ ಮೇಲೆ ಬೀದಿಯನ್ನು ತಿದ್ದುತ್ತಿದ್ದರು.

"ಗೊತ್ತು ಮೇಷ್ಟ್ರೇ, ಆಮೇಲೆ ಸರಿಮಾಡ್ತೀನಿ."

"ಆಮೇಲೆ ಅನ್ನೋರನ್ನ ಬೇಕಾದಷ್ಟು ನೋಡಿದೀನಿ. ಎಲ್ಲರೂ ಫೇಲು. ಸರೀರಿ ಆಕಡೆ!"

ಮೇಷ್ಟ್ರು ಕೊಡೆಯನ್ನು ಗೇಟಿಗೆ ತೂಗುಹಾಕಿ, ಕೂತು, ಒಂದೊಂದು ಎಸಳನ್ನೂ ತಿರುಗಿಸಿದರು. ಲಂಬ ಎಂದರೇನು ಎಂದು ಬೈಂಡರನ ಬಾಯಲ್ಲೇ ಹೇಳಿಸಿ, ಎದ್ದು ಹೋದರು. ಬೈಂಡರ್ ಆಚೀಚೆ ನೋಡಿ, ಮತ್ತೆ ಎಡಗೈಯಿಂದ ಅಷ್ಟನ್ನೂ ತಲೆಕೆಳಗು ಮಾಡಿದ.

ಪರದೆ ಇನ್ನೊಮ್ಮೆ ಸರಿಯಿತು. ಹಿಂದೆಯೇ ನರ್ಸಮ್ಮನ ಹಿತ್ತಲ ಬಾಗಿಲು ತೆರೆದ ಸದ್ದು. ಬಂದಳು ಎಂದುಕೊಂಡು ಅವನು ಎದ್ದು ನಿಂತ. ಬಂದದ್ದು ಮೂಲೆ ಮನೆಯ ಅತ್ತಿಗೆ; ಅದೂ ಅವನ ಗೇಟಿನಿಂದ. ಆಕೆ ಯಾರ ಅತ್ತಿಗೆ ಎಂಬುದು ಮರೆತುಹೋಗಿ, ಈಗ ಇಡೀ ಬೀದಿಗೇ ಅತ್ತಿಗೆ.

"ಮೇಷ್ಟ್ರು ಹೇಳಿದ್ರು, ಬೆಳ್ಳುಳ್ಳಿ ಹಾಕ್ತಿದೀರಂತೆ. ನೋಡೋಣ ಅಂತ ಬಂದೆ. ಅಯ್ಯೋ! ಇದೇನ್ರೀ ಇದು? ಅವರು ತೋರಿಸಿಕೊಟ್ಟು ಹೋಗ್ಲಿಲ್ವಾ?"

"ತೋರಿಸಿದ್ರು ಅತ್ತಿಗೆ."

"ಮತ್ತೆ?"

ಅತ್ತಿಗೆಗೆ ಉತ್ತರ ಬೇಕಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೂತವರು, ಎಸಳು ತಿರುಗಿಸುತ್ತ ಸ್ವಂತ ತಂಗಿಯ ಮಾವನ ಮಂಡಿನೋವು, ಆ ಮಂಡಿಗೆ ಮಾಡಿಸಿದ ಆಪರೇಷನ್ನು, ಆಪರೇಷನ್ನಿನ ನಂತರ ಇನ್ನೊಂದು ಮಂಡಿಗೆ ಬಂದ ನೋವು, ಎಲ್ಲವನ್ನೂ ಹೇಳಿ ಮುಗಿಸಿದರು. ಅಷ್ಟರಲ್ಲಿ ಪಕ್ಕದ ಹಿತ್ತಲ ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಅತ್ತಿಗೆ ಹೋದರು. ಬೈಂಡರನ ಎಡಗೈ ಈಗ ಪಳಗಿತ್ತು. ಹುರಳಿ ಆರಿಸಿದಷ್ಟು ಸಲೀಸಾಗಿ ಮೂರನೆಯ ಸಲ ಮಡಿಯನ್ನು ಕೆಡಿಸುತ್ತಿದ್ದಾಗ, ಎದುರುಮನೆಯ ಮಹಡಿಯ ಕಿಟಕಿಯಿಂದ ಕೂಗು ಕೇಳಿತು:

"ನೋಡ್ದೆ! ಕಣ್ಣಾರೆ ನೋಡ್ದೆ! ಬೇಕಂತಲೇ ತಿರುಗಿಸ್ತಿದಾರೆ!"

ಮೇಷ್ಟ್ರು ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಅತ್ತಿಗೆ ಅರ್ಧದಾರಿಯಿಂದ ತಿರುಗಿದರು. ಆಕೆಯ ಗಂಡ, ಬಸ್ಸು ಓಡಿಸುವ ಡ್ರೈವರಣ್ಣ, ಶೇವಿಂಗ್ ನೊರೆಯೊಂದಿಗೇ ಬಂದ. ಮೂವರೂ ಬೈಂಡರನ ಸುತ್ತ ನಿಂತು, ಕೆಟ್ಟುಹೋದ ಬಸ್ಸನ್ನು ನೋಡುವಂತೆ ನೋಡಿದರು.

"ತಲೆ ಸುತ್ತುತ್ತಾ?" ಅತ್ತಿಗೆ ಕೇಳಿದರು.

"ಇಲ್ಲ."

"ನಾನ್ಯಾರು ಹೇಳಿ ನೋಡೋಣ?"

"ಅತ್ತಿಗೆ."

"ಗುರುತು ಹಿಡೀತಾರೆ. ಪರವಾಗಿಲ್ಲ."

"ಗುರುತು ಬೇರೆ, ಬುದ್ಧಿ ಬೇರೆ," ಎಂದರು ಮೇಷ್ಟ್ರು. "ಬೈಂಡರೇ, ಎರಡು ಸಲ ಸರಿ ಇದ್ದದ್ದನ್ನ ಯಾಕೆ ತಿರುಗಿಸಿದ್ರಿ? ಕಾರಣ ಹೇಳಿ."

ಕಾರಣ ಹೇಳಿದರೆ ಕುಕ್ಕರ್ ಕೂಗುವಷ್ಟರಲ್ಲಿ ಬೀದಿಯ ಎಲ್ಲ ಅಡಿಗೆಮನೆಗಳಿಗೂ ತಲುಪುತ್ತಿತ್ತು. ಹೇಳದಿದ್ದರೆ ಹುಚ್ಚ ಎನ್ನುತ್ತಿದ್ದರು. ಎರಡನ್ನೂ ತೂಗಿನೋಡಿದ ಬೈಂಡರನಿಗೆ ಹುಚ್ಚನಾಗುವುದೇ ಮರ್ಯಾದೆ ಅನ್ನಿಸಿತು.

"ಗೊತ್ತಿಲ್ಲ," ಎಂದ.

"ಒಬ್ಬರೇ ಇದ್ದೂ ಇದ್ದೂ ಹಿಂಗಾಗಿರೋದು," ಎಂದರು ಅತ್ತಿಗೆ, ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ. "ಪಾಪ, ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ರೀ, ಒಳಗಿಂದ ಕುರ್ಚಿ ತನ್ನಿ. ಒಂದು ಶಾಲೂ ತನ್ನಿ."

ಬೈಂಡರನನ್ನು ಅವನದೇ ಹಿತ್ತಲಲ್ಲಿ ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಮೇಷ್ಟ್ರು ಎಸಳುಗಳನ್ನು ಮತ್ತೊಮ್ಮೆ ನೆಟ್ಟಗೆ ನಿಲ್ಲಿಸಿದರು. ಡ್ರೈವರಣ್ಣ ತಳ್ಳುಗಾಡಿಯಲ್ಲಿ ಗೊಬ್ಬರ ತಂದ. "ಬರ್ಲಿ, ಬರ್ಲಿ, ರೈಟ್, ರೈಟ್, ಹೋಲ್ಡಾನ್" ಎಂದು ತನಗೆ ತಾನೇ ಹೇಳಿಕೊಂಡು ಮಡಿಯ ಪಕ್ಕಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಅತ್ತಿಗೆ ಬೈಂಡರನ ಅಡಿಗೆಮನೆಗೆ ನುಗ್ಗಿ ಎಲ್ಲರಿಗೂ ಟೀ ಮಾಡಿದರು. ಸಕ್ಕರೆ ಡಬ್ಬಿ ಯಾಕೆ ಅಲ್ಲಿಟ್ಟಿದ್ದೀರಿ ಎಂದು ಬೈದು, ಅದನ್ನು ಅವನಿಗೆ ಮುಂದೆಂದೂ ಸಿಗದಂಥ ಕಡೆ ಇಟ್ಟರು.

ಇದೇ ಹೊತ್ತಿಗೆ ಗೋಡೆಯ ಆಚೆ ನರ್ಸಮ್ಮ ಕಾಣಿಸಿಕೊಂಡಳು.

"ಏನಾಯ್ತು? ನಾನು ಬರ್ಲಾ?"

ಬೈಂಡರ್ ಶಾಲು ಸರಿಸಿ ಏಳಹೋದ. ಡ್ರೈವರಣ್ಣ ಹೆಗಲು ಒತ್ತಿ ಕೂರಿಸಿದ.

"ಬೇಡ ನರ್ಸಮ್ಮ," ಎಂದರು ಅತ್ತಿಗೆ. "ವಾರಕ್ಕೊಂದು ರಜೆ ನಿಮಗೆ. ಆರಾಮಾಗಿ ಮಲಕ್ಕೊಳ್ಳಿ. ನಾವಿದೀವಲ್ಲ, ನೋಡ್ಕೋತೀವಿ."

ಆಕೆ ಮಡಿಯನ್ನು ನೋಡಿದಳು, ಮೇಷ್ಟ್ರ ಕೈಯಲ್ಲಿದ್ದ ಕೊನೆಯ ತಲೆಕೆಳಗಾದ ಎಸಳನ್ನು ನೋಡಿದಳು, ಆಮೇಲೆ ಶಾಲಿನೊಳಗಿನ ಬೈಂಡರನನ್ನು ನೋಡಿದಳು. ಹಾಗೇ ಒಳಗೆ ಹೋದಳು.

ಮಣ್ಣು ಮುಚ್ಚಿದರು, ನೀರು ಹಾಕಿದರು, ಮೇಲೆ ಒಣಗಿದ ಎಲೆ ಹರಡಿದರು. "ಇನ್ನು ಬೇಸಿಗೆವರೆಗೂ ಇದರ ಹತ್ತಿರ ಬರಬೇಡಿ," ಎಂದು ಮೇಷ್ಟ್ರು ಬೈಂಡರನಿಗೆ ತಾಕೀತು ಮಾಡಿದರು. ಸಂಜೆಯ ಹೊತ್ತಿಗೆ ಎಲ್ಲರೂ ಹೊರಟುಹೋದರು. ದಿನವಿಡೀ ಜನ ತುಂಬಿದ್ದ ಹಿತ್ತಲಲ್ಲಿ ಅವನು ಕುರ್ಚಿಯ ಮೇಲೆಯೇ ಕೂತಿದ್ದ. ಗದ್ದಲ ಹೋದಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಆಗ ಗೋಡೆಯ ಆಚೆ ಮಣ್ಣು ಕೆರೆಯುವ ಸದ್ದು.

"ಬೈಂಡರ್ ಅವರೇ, ಒಂದ್ನಿಮಿಷ ಬಂದು ಹೋಗ್ತೀರಾ?"

ಬೈಂಡರ್ ಶಾಲಿನಲ್ಲಿ ಕಾಲು ಸಿಕ್ಕಿಸಿಕೊಂಡು ಎಡವಿ, ಎದ್ದು, ಜೀವನದಲ್ಲಿ ಮೊದಲ ಸಲ ಆಕೆಯ ಗೇಟು ತೆಗೆದ. ನರ್ಸಮ್ಮ ಹೂವಿನ ಗಿಡಗಳ ಪಕ್ಕದಲ್ಲಿ ಹೊಸದಾಗಿ ಒಂದು ಸಾಲು ತೋಡಿ ಕೂತಿದ್ದಳು.

"ನಾನೂ ಈ ಸಲ ಬೆಳ್ಳುಳ್ಳಿ ಹಾಕೋಣ ಅಂತ. ಸರಿಯಾಗಿದೆಯಾ ನೋಡಿ ಸ್ವಲ್ಪ."

ಬೈಂಡರ್ ಬಗ್ಗಿ ನೋಡಿದ. ಎಸಳುಗಳು ಒಂದೂ ಬಿಡದಂತೆ ತಲೆಕೆಳಗಾಗಿದ್ದವು.

ಅವನ ಎದೆ ಕರಗಿತು. ಬೆಳಗಿನಿಂದ ಜನ ಅವನನ್ನು ತಿದ್ದಿ ತಿದ್ದಿ, ಅದರ ಉರಿ ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತಾಗಿತ್ತು. ಪಾಪ, ಆಸ್ಪತ್ರೆಯ ದಣಿವಿನಲ್ಲಿ ಮರೆತಿದ್ದಾಳೆ. ಮೇಷ್ಟ್ರ ಹಾಗೆ ತಾನೂ ಮೇಲೆ ಬಿದ್ದು ತಪ್ಪು ತೋರಿಸುವುದೇ? ಪ್ರಾಣ ಹೋದರೂ ಇಲ್ಲ.

"ಬಹಳ ಚೆನ್ನಾಗಿದೆ," ಎಂದ.

ನರ್ಸಮ್ಮ ತಲೆಯೆತ್ತಿದಳು. "ಸರಿಯಾಗಿ ನೋಡಿದ್ರಾ?"

"ನೋಡ್ದೆ. ಸಾಲು ನೇರವಾಗಿದೆ."

"ಸಾಲಲ್ಲ. ಎಸಳು."

"ಎಸಳೂ ಚೆನ್ನಾಗಿದೆ. ದಪ್ಪವಾಗಿದೆ."

"ಏನೂ ಹೇಳೋದಿಲ್ವಾ?"

"ಹೇಳೋ ಅಂಥದ್ದು ಏನೂ ಇಲ್ಲ. ನಿಮಗೆ ಗೊತ್ತಿಲ್ಲದ್ದೇನಿದೆ?"

ಆಕೆ ಕೈಯಲ್ಲಿದ್ದ ಎಸಳಿನ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ ಗಾಳಿಗೆ ಬಿಟ್ಟಳು. "ಸರಿ. ಚಳಿಯಾಗ್ತಿದೆ, ನಿಮಗೆ ಬೇರೆ ಹುಷಾರಿಲ್ಲ. ಹೋಗಿ," ಎಂದಳು.

ಬೈಂಡರ್ ಪರೋಪಕಾರ ಮಾಡಿದ ಹಗುರದಲ್ಲಿ ಮನೆಗೆ ಬಂದ. ಚಿಲಕಕ್ಕೆ ಕೈ ಹಾಕಿದವನಿಗೆ, ಆಕೆಗೆ ಗೊತ್ತಿಲ್ಲದ್ದೇನಿದೆ ಎಂದ ತನ್ನ ಮಾತೇ ತಿರುಗಿ ಬಂದು ಬಡಿಯಿತು. ಗೊತ್ತಿಲ್ಲದ್ದೇನಿದೆ? ತನಗೆ ಕಲಿಸಿದವಳೇ ಅವಳು! ಮರೆಯುವ ಕೈಯಲ್ಲ ಅದು. ಹೋಗಲಿ, ಹತ್ತರಲ್ಲಿ ಒಂದಾದರೂ ಅಕಸ್ಮಾತ್ತಾಗಿ ನೆಟ್ಟಗೆ ನಿಲ್ಲಬೇಕಿತ್ತಲ್ಲ. ಅಷ್ಟೂ ಎಸಳುಗಳನ್ನು ಅಷ್ಟು ಅಚ್ಚುಕಟ್ಟಾಗಿ ತಲೆಕೆಳಗು ಮಾಡುವುದು ಎಂಥ ಕಷ್ಟದ ಕೆಲಸವೆಂದು ಆ ಬೀದಿಯಲ್ಲಿ ಬಲ್ಲವನು ಅವನೊಬ್ಬನೇ.

ಬೈಂಡರ್ ಓಡಿದ.

ನರ್ಸಮ್ಮನ ಗೇಟಿಗೆ ಕೊಡೆ ತೂಗುಬಿದ್ದಿತ್ತು. ಒಳಗೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು ಎಸಳು ತಿರುಗಿಸುತ್ತಿದ್ದರು.

"ಬನ್ನಿ ಬೈಂಡರೇ, ನೋಡಿ! ಇದೇನು ಅಂಟುರೋಗಾನೋ ಏನೋ, ಇವರದ್ದೂ ಬುಡಮೇಲು!"

"ನರ್ಸಮ್ಮ, ಅದು... ನಾನು ಈಗ..." ಬೈಂಡರ್ ಏದುಸಿರು ಬಿಟ್ಟ.

ಆಕೆ ತಲೆಯೆತ್ತಲಿಲ್ಲ. "ಇವರಿಗೆ ತೋರಿಸಿದ್ದೆ ಮೇಷ್ಟ್ರೇ. ಬಹಳ ಚೆನ್ನಾಗಿದೆ ಅಂದ್ರು."

"ಇವರನ್ನ ಕೇಳಿದ್ರಾ? ಒಳ್ಳೇವರನ್ನ ಕೇಳಿದ್ರಿ! ಇವರಿಗೆ ಬೆಳ್ಳುಳ್ಳಿ ಗೊತ್ತಿಲ್ಲಮ್ಮ. ಬೈಂಡರೇ, ಶಾಲಿಲ್ಲದೆ ಹೊರಗೆ ಬರಬಾರದು ನೀವು. ನಡೀರಿ, ನಡೀರಿ, ಅತ್ತಿಗೆ ನೋಡಿದ್ರೆ ಬೈತಾರೆ."

ನರ್ಸಮ್ಮ ಸಾಲಿನ ಮೇಲೆ ಮಣ್ಣೆಳೆದಳು. ಮೇಷ್ಟ್ರು ಅದನ್ನು ಸಮ ಮಾಡಿ, ಸರಿಯಾಗಿದೆ ಎಂದು ಹೇಳಿ, ಬೈಂಡರನ ತೋಳು ಹಿಡಿದು ಅವನ ಮನೆಯವರೆಗೂ ಬಿಟ್ಟುಬಂದರು.

ಚಳಿಗಾಲದಲ್ಲಿ ಬೆಳ್ಳುಳ್ಳಿಗೆ ಮಾಡಬೇಕಾದ ಕೆಲಸವೇನೂ ಇರುವುದಿಲ್ಲವಾದ್ದರಿಂದ ಇಬ್ಬರೂ ಹಿತ್ತಲ ಕಡೆ ಬರಲಿಲ್ಲ. ಬೇಸಿಗೆಯಲ್ಲಿ ಎರಡೂ ಮನೆಯ ಬೆಳ್ಳುಳ್ಳಿ ಚೆನ್ನಾಗಿ ಬಂತು.